ಕರಾರಿಗೆ ಕಟ್ಟುಬಿದ್ದ ವಿಮಾನ

ವಾಷಿಂಗ್ಟನ್‌ಗೆ ಹೋದ ನಮ್ಮ ಅಟ್ಲಾಂಟಾ ಕನ್ನಡಿಗರು ವಾಯು-ಬಾಹ್ಯಾಕಾಶ ಮ್ಯೂಸಿಯಂ ನೋಡದೆ ಬರುವುದಿಲ್ಲ. 1903ರ ಡಿಸೆಂಬರ್ 17ರಂದು ನಾರ್ತ್ ಕೆರೊಲಿನಾದಲ್ಲಿ 12 ಸೆಕೆಂಡು ಹಾರಿದ ರೈಟ್ ಸಹೋದರರ ಅಸಲಿ ವಿಮಾನ ಅಲ್ಲಿದೆ. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿರುವುದು ಅದರ ಪ್ರತಿಕೃತಿ.

ಆದರೆ ಸ್ಮಿತ್ಸೋನಿಯನ್ ಸಂಸ್ಥೆ ಮೊದಲು ಅಗ್ರಪೂಜೆ ಮಾಡಿದ್ದು ತನ್ನದೇ ಕಾರ್ಯದರ್ಶಿಯಾಗಿದ್ದ ಲ್ಯಾಂಗ್ಲಿಯವರ ಯಂತ್ರಕ್ಕೆ. ಮುನಿದ ಆರ್ವಿಲ್ ರೈಟ್ 1928ರಲ್ಲಿ ವಿಮಾನವನ್ನು ಲಂಡನ್ನಿಗೆ ಕಳಿಸಿಬಿಟ್ಟರು. 1942ರಲ್ಲಿ ಸಂಸ್ಥೆ ತಪ್ಪೊಪ್ಪಿಕೊಂಡಿತು. 1948ರಲ್ಲಿ ವಿಮಾನ ಮರಳಿತು. ಜೊತೆಗೊಂದು ಕರಾರು: ಇದಕ್ಕೂ ಮೊದಲು ಬೇರೊಂದು ವಿಮಾನ ಹಾರಿತ್ತೆಂದು ಸಂಸ್ಥೆ ಹೇಳಿದರೆ, ಇದು ವಾರಸುದಾರರಿಗೆ ವಾಪಸು!

ರೈಟರೇ ಮೊದಲಿಗರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ, ಡಯಾಗ್ನೋಸಿಸ್ ಎಂದೂ ಬದಲಿಸುವುದಿಲ್ಲವೆಂದು ಮೊದಲೇ ಸಹಿ ಹಾಕಿಕೊಟ್ಟ ಡಾಕ್ಟರನ್ನು ನೀವು ನಂಬುತ್ತೀರಾ? ಮಕ್ಕಳಿಗೆ ವಿಮಾನ ತೋರಿಸುವಾಗ ಈ ಕರಾರಿನ ಕಥೆಯನ್ನೂ ಹೇಳಿ.