ಗರಿಗರಿ ಎಂಬ ಹೊಗಳಿಕೆ ಮತ್ತು ನಮ್ಮ ಹಂದಿ ತುಂಡು

ನಮ್ಮ ಭಾಷೆಯಲ್ಲಿ ‘ಗರಿಗರಿ’ ಎಂಬ ಮಾತು ಯಾವುದಕ್ಕೆಲ್ಲ ಸಲ್ಲುತ್ತದೆ ಎಂದು ಒಮ್ಮೆ ಯೋಚಿಸಿ ನೋಡಿ. ಚಕ್ಕುಲಿಗೆ ಸಲ್ಲುತ್ತದೆ, ಹಲಸಿನ ಹಪ್ಪಳಕ್ಕೆ ಸಲ್ಲುತ್ತದೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಗೆ ಸಲ್ಲುತ್ತದೆ. ಬ್ಯಾಂಕಿನಿಂದ ಆಗಷ್ಟೇ ತಂದ ಹೊಸ ನೋಟಿಗೂ ಸಲ್ಲುತ್ತದೆ. ಆದರೆ ನಾನು ಹುಟ್ಟಿ ಬೆಳೆದ ಕೊಪ್ಪದ ಕಡೆ ಯಾರೂ ಹಂದಿ ತುಂಡನ್ನು ಗರಿಗರಿಯಾಗಿದೆ ಎಂದು ಹೊಗಳಿದ್ದನ್ನು ನಾನು ಕೇಳಿಲ್ಲ. ‘ಹದವಾಗಿ ಬೆಂದಿದೆ’, ‘ಖಾರ ಹಿಡಿದಿದೆ’, ‘ಹುಳಿ ಸರಿಯಾಗಿ ಬಿದ್ದಿದೆ’ ಎನ್ನುವುದು ನಮ್ಮ ಹೊಗಳಿಕೆ. ತೀರಾ ಮೆಚ್ಚಿದವರು ಏನೂ ಹೇಳದೆ ಇನ್ನೆರಡು ಕಡುಬು ಹಾಕಿಸಿಕೊಳ್ಳುತ್ತಾರೆ.

ಈಚೆಗೆ ಗರಿಗರಿಯ ಮಾತು ಹಂದಿಗೂ ಬಂದಿದೆ. ತಂದದ್ದು ಏರ್ ಫ್ರೈಯರ್ ಎಂಬ ಯಂತ್ರ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಅದನ್ನು ಕೊಂಡಳು. ಯಂತ್ರದ ಜೊತೆಗೆ ಅಡಿಗೆಯ ಒಂದು ಸಣ್ಣ ಪುಸ್ತಿಕೆಯೂ ಬಂದಿತ್ತು. ಅದರಲ್ಲಿ ಹಂದಿ ಮಾಂಸದ ಪುಟಕ್ಕೆ ಕೊಟ್ಟ ತಲೆಬರಹದ ಅರ್ಥ ಇಷ್ಟು: ಹೊರಗೆ ಗರಿಗರಿ, ಒಳಗೆ ರಸಭರಿತ. ವಿಮರ್ಶಕರು ಕಾದಂಬರಿಯನ್ನೋ ಕವನ ಸಂಗ್ರಹವನ್ನೋ ಮುಂದಿಟ್ಟುಕೊಂಡು ಕೂರುತ್ತಾರೆ. ನಾನು ಈ ನಾಲ್ಕು ಪದಗಳನ್ನು ಮುಂದಿಟ್ಟುಕೊಂಡಿದ್ದೇನೆ. ಅಡಿಗೆಯೂ ಒಂದು ಕೃತಿಯೇ ಎಂದಾದರೆ ಅದನ್ನು ಅಳೆಯುವ ಅಳತೆಗೋಲು ಯಾರದು ಎಂದು ನಾವು ಹೆಂಗಸರು ಕೇಳಬೇಡವೆ?

ಮೊದಲು ಯಂತ್ರಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಇದನ್ನು ಮಾರುಕಟ್ಟೆಗೆ ತಂದದ್ದು ಫಿಲಿಪ್ಸ್ ಕಂಪನಿ, 2010ರಲ್ಲಿ. ಇದರ ಹಿಂದಿನ ಕಲ್ಪನೆ ಫ್ರೆಡ್ ವಾನ್ ಡೆರ್ ವೈ ಎಂಬ ಡಚ್ಚರದು. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಇದು ಕರಿಯುವ ಯಂತ್ರವಲ್ಲ. ಮೇಲೆ ಕಾಯುವ ತಂತಿ, ಅದರ ಮೇಲೊಂದು ಫ್ಯಾನು, ಕೆಳಗೆ ತೂತುಗಳಿರುವ ಬುಟ್ಟಿ. ಫ್ಯಾನು ಬಿಸಿ ಗಾಳಿಯನ್ನು ಜೋರಾಗಿ ಸುತ್ತಿಸುತ್ತದೆ, ಆ ಗಾಳಿ ತುಂಡಿನ ಮೇಲ್ಮೈಯ ತೇವವನ್ನು ಎಳೆದೊಯ್ಯುತ್ತದೆ. ಬೇಕರಿಯವರ ಓವನ್ನನ್ನು ಕುಗ್ಗಿಸಿ, ಅದಕ್ಕೆ ಬಿರುಗಾಳಿ ಸೇರಿಸಿದರೆ ಹೇಗೋ ಹಾಗೆ.

ಹಂದಿಯ ವಿಷಯದಲ್ಲಿ ಈ ಬಿರುಗಾಳಿ ನಿಜಕ್ಕೂ ಕೆಲಸ ಮಾಡುತ್ತದೆ. ನನ್ನ ತಂಗಿಯ ಮಗಳು ಮಾಡುವುದು ಹೀಗೆ: ತೊಗಲು, ನೆಣ, ಮಾಂಸ ಮೂರೂ ಪದರವಿರುವ ಹೊಟ್ಟೆಯ ಭಾಗದ ಅರ್ಧ ಕಿಲೋ ತುಂಡು ತರುತ್ತಾಳೆ. ತೊಗಲನ್ನು ಬಟ್ಟೆಯಿಂದ ಒರೆಸಿ, ದಬ್ಬಣದ ತುದಿಯಿಂದ ಒತ್ತೊತ್ತಾಗಿ ಚುಚ್ಚಿ, ಉಪ್ಪು ಸವರಿ, ಮುಚ್ಚದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತಾಳೆ. ಮರುದಿನ 140 ಡಿಗ್ರಿಯಲ್ಲಿ ಸುಮಾರು 50 ನಿಮಿಷ, ಆಮೇಲೆ 200 ಡಿಗ್ರಿಗೆ ಏರಿಸಿ 15ರಿಂದ 20 ನಿಮಿಷ. ಮೊದಲ ಹಂತದಲ್ಲಿ ಮಾಂಸದ ನಾರು ನಿಧಾನವಾಗಿ ಕರಗಿ ಅಂಟಂಟಾಗುತ್ತದೆ, ನೆಣ ಇಳಿಯುತ್ತದೆ. ಎರಡನೆಯ ಹಂತದಲ್ಲಿ ತೊಗಲಿನೊಳಗೆ ಉಳಿದ ಅಲ್ಪಸ್ವಲ್ಪ ನೀರು ಹಬೆಯಾಗಿ ಸಿಡಿದು ತೊಗಲನ್ನು ಅರಳಿನ ಹಾಗೆ ಉಬ್ಬಿಸುತ್ತದೆ. ಕಚ್ಚಿದರೆ ಪಕ್ಕದ ಕೋಣೆಗೆ ಸದ್ದು ಕೇಳಬೇಕು, ಹಾಗಿರುತ್ತದೆ. ಎಣ್ಣೆ ಒಂದು ಹನಿಯೂ ಬೇಡ. ಒಲೆಯ ಮುಂದೆ ಹೊಗೆ ಕುಡಿದು ಕಣ್ಣು ಕೆಂಪು ಮಾಡಿಕೊಂಡ ನಮ್ಮಂಥವರಿಗೆ ಇದು ಸಣ್ಣ ಸೌಕರ್ಯವಲ್ಲ.

ಹಾಗಾದರೆ ತಕರಾರು ಎಲ್ಲಿ? ಆ ನಾಲ್ಕು ಪದಗಳಲ್ಲಿ. ಹೊರಗೆ ಗರಿಗರಿ ಆಗಬೇಕಾದರೆ ತೊಗಲು ಒಣಗಿರಬೇಕು. ನಮ್ಮ ಅಡಿಗೆಯಲ್ಲಿ ತೊಗಲು ಎಂದೂ ಒಣಗಿರುವುದಿಲ್ಲ. ಅದು ಕಾಳುಮೆಣಸು, ಬೆಳ್ಳುಳ್ಳಿ, ಶುಂಠಿ, ಹುಳಿಗಳ ಮಸಾಲೆಯಲ್ಲಿ ಮುಳುಗಿಯೇ ಒಲೆಗೆ ಹೋಗುತ್ತದೆ. ಒದ್ದೆ ಮಸಾಲೆ ಮೆತ್ತಿದ ತುಂಡನ್ನು ಯಂತ್ರದಲ್ಲಿಟ್ಟರೆ ಮಸಾಲೆ ಮೊದಲು ಸೀದುಹೋಗುತ್ತದೆ, ತೊಗಲು ಅರಳುವುದೇ ಇಲ್ಲ. ಪುಡಿ ಉದುರಿಸಿದರೆ ಫ್ಯಾನು ಅದನ್ನು ಹಾರಿಸಿಬಿಡುತ್ತದೆ. ಗರಿಗರಿಯೂ ಮಸಾಲೆಯೂ ಇಲ್ಲಿ ಸವತಿಯರಿದ್ದಂತೆ, ಒಂದೇ ಬುಟ್ಟಿಯಲ್ಲಿ ಹೊಂದಿ ಬಾಳುವುದಿಲ್ಲ.

ಅರಳಿದ ತೊಗಲು ಯಾವ ಊಟದ ಹೆಮ್ಮೆ ಎಂದು ಹುಡುಕಿದರೆ ಉತ್ತರ ಸಿಗುತ್ತದೆ. ಇಂಗ್ಲಿಷರ ಭಾನುವಾರದ ರೋಸ್ಟು, ಚೀನಾದ ಕ್ಯಾಂಟನ್ ಕಡೆಯ ಸುಟ್ಟ ಹಂದಿ, ಫಿಲಿಪ್ಪೀನ್ಸಿನಲ್ಲಿ ಹಬ್ಬಕ್ಕೆ ಇಡೀ ಹಂದಿಯನ್ನು ಕೆಂಡದ ಮೇಲೆ ತಿರುಗಿಸುವ ಲೆಚೋನ್. ಅಲ್ಲೆಲ್ಲ ಮಾಂಸವೇ ಊಟದ ನಡುವಿನ ಯಜಮಾನ. ರುಚಿಗೆ ಪಕ್ಕದಲ್ಲಿ ಏನಾದರೂ ಅದ್ದಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಲ್ಲ. ನಮ್ಮ ಊಟದ ನಡುವೆ ಇರುವುದು ಅಕ್ಕಿ, ಅಂದರೆ ಕಡುಬು ಅಥವಾ ಅಕ್ಕಿರೊಟ್ಟಿ. ಕಡುಬಿಗೆ ಸ್ವಂತ ರುಚಿ ಎಂಬುದು ಅಷ್ಟಿಲ್ಲ, ಅದು ಸಾರನ್ನು ಹೀರಿಕೊಂಡೇ ಬದುಕಬೇಕು. ಮುರಿದ ಕಡುಬಿನ ಮೇಲೆ ಹುಳಿ ಖಾರದ ದಪ್ಪ ರಸ, ಅದರಲ್ಲಿ ಜಗಿದರೆ ತುಟಿಗೆ ಅಂಟುವ ತೊಗಲು: ಇದು ನಮ್ಮ ಅಳತೆಗೋಲು. ಆ ಕಡುಬಿನ ಪಕ್ಕದಲ್ಲಿ ಪಟಪಟ ಎನ್ನುವ ತುಂಡನ್ನಿಟ್ಟರೆ ಕಡುಬು ತಬ್ಬಲಿಯಾಗುತ್ತದೆ.

‘ಒಳಗೆ ರಸಭರಿತ’ ಎಂಬ ಇನ್ನರ್ಧಕ್ಕೂ ಒಂದು ಚರಿತ್ರೆಯಿದೆ. ಅಮೆರಿಕದ ಕೃಷಿ ಇಲಾಖೆ ಇಡಿಯಾದ ಹಂದಿ ತುಂಡಿನ ಒಳಗಿನ ಉಷ್ಣತೆ 71 ಡಿಗ್ರಿ ಮುಟ್ಟಬೇಕೆಂದು ಬಹುಕಾಲ ಹೇಳುತ್ತಿತ್ತು. 2011ರಲ್ಲಿ ಅದನ್ನು 63ಕ್ಕೆ ಇಳಿಸಿ, ಇಳಿಸಿದ ಮೇಲೆ 3 ನಿಮಿಷ ಹಾಗೆಯೇ ಬಿಡಬೇಕೆಂದಿತು. ಒಳಗೆ ತುಸು ಗುಲಾಬಿ ಉಳಿದ, ರಸ ಜಿನುಗುವ ತುಂಡಿಗೆ ಅಲ್ಲಿ ಅಪ್ಪಣೆ ಸಿಕ್ಕಿತು. ಮುಚ್ಚಿದ ಫಾರಂಗಳಲ್ಲಿ, ತಪಾಸಣೆಯ ಕಣ್ಣಡಿಯಲ್ಲಿ ಬೆಳೆದ ಹಂದಿಯ ಮೇಲಿನ ಭರವಸೆ ಅದು. ನಮ್ಮಲ್ಲಿ ಅರೆಬೆಂದ ಹಂದಿಯಿಂದ ಲಾಡಿಹುಳು ಹೊಟ್ಟೆ ಸೇರುವ ಭಯ ಹೋಗಿಲ್ಲ. ಆದ್ದರಿಂದ ಗುಲಾಬಿ ಬಣ್ಣದ ಆಸೆ ನಮಗೆ ಬೇಡ, ಪೂರ್ತಿ ಬೇಯಲಿ. ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಅದೇ ಹುಳುವಿನಿಂದ ಮೆದುಳಿಗೆ ತಗಲಿ ಫಿಟ್ಸ್ ತರುವ ಕಾಯಿಲೆ ಹಂದಿ ತಿಂದವರಿಗೆ ಮಾತ್ರ ಬರುವುದಲ್ಲ. ಹುಳುವಿನ ಮೊಟ್ಟೆ ಸೇರಿದ ನೀರು, ತೊಳೆಯದ ಸೊಪ್ಪು, ತೊಳೆಯದ ಕೈಗಳಿಂದ ಸಸ್ಯಾಹಾರಿಗಳಿಗೂ ಬರುತ್ತದೆ. ಹಂದಿಯ ಮೇಲೆ ಹೊರಿಸಿದ ಎಷ್ಟೋ ದೂರುಗಳಲ್ಲಿ ಇದೊಂದನ್ನಾದರೂ ಸರಿಯಾಗಿ ಹಂಚಿಕೊಳ್ಳೋಣ.

ಇನ್ನು ‘ನಮ್ಮ ರುಚಿ’ ಎನ್ನುವಾಗ ಅದು ಒಂದೇ ಎಂದು ಯಾರೂ ತಿಳಿಯಬಾರದು. ತುಂಗೆಯ ದಂಡೆಯ ಶೃಂಗೇರಿ ಶಾರದೆಯ ಪೀಠವಿರುವ ಊರು. ಅಲ್ಲಿನ ಪೇಟೆಯ ಅಡಿಗೆ ಎಂದರೆ ಹೊರಗಿನವರಿಗೆ ತಂಬುಳಿ, ಪತ್ರೊಡೆ. ಆದರೆ ಅದೇ ತಾಲೂಕಿನ ಗದ್ದೆ ಬಯಲಿನ ಗೌಡರ ಮನೆಗಳಲ್ಲಿ ಮಳೆಗಾಲಕ್ಕೆ ಹಂದಿಯೂ ಬೇಯುತ್ತದೆ. ಹಿಂದೆ ಎಡೆಹಳ್ಳಿ ಎನಿಸಿಕೊಂಡಿದ್ದ ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳಿವೆ. ಅವರು ತೆಂಗಿನಕಾಯಿಯ ತೆಳು ಚೂರು, ಕರಿಬೇವು ಹಾಕಿ ಹಂದಿಯನ್ನು ಒಣಗಲು ಹುರಿಯುತ್ತಾರೆ. ಮಂಗಳೂರು ಕಡೆಯ ಕ್ಯಾಥೊಲಿಕರದು ಬಫಾತ್ ಪುಡಿ, ವಿನೆಗರ್ ಹುಳಿ. ಕೊಡಗಿನವರದು ಕಾಚಂಪುಳಿ, ಜೊತೆಗೆ ನಮ್ಮ ಕಡುಬಿನ ಅಕ್ಕನಂತಿರುವ ಕಡಂಬುಟ್ಟು. ನಮ್ಮ ಮನೆಯಲ್ಲಿ ನಿಂಬೆಹಣ್ಣು, ಸಿಕ್ಕಿದ ವರ್ಷ ಉಪ್ಪಾಗೆ. ಹುಳಿ ಬೇರೆ ಬೇರೆ, ಆದರೆ ಹುಳಿಯಿಲ್ಲದೆ ನೆಣದ ಜಿಡ್ಡನ್ನು ಗೆಲ್ಲಲಾಗದು ಎಂಬ ತಿಳಿವಳಿಕೆ ಇವರಲ್ಲಿ ಬಹುಮಂದಿಗೆ ಸಮಾನ. ಪುಸ್ತಿಕೆಯ ನಾಲ್ಕು ಪದಗಳಲ್ಲಿ ಹುಳಿಗೆ ಜಾಗವೇ ಇಲ್ಲ.

ಇಲ್ಲಿಯವರೆಗೆ ಬಂದವರು, ‘ಹಾಗಾದರೆ ಯಂತ್ರ ಬೇಡ, ಹಳೆಯದೇ ಚೆನ್ನ ಎನ್ನುತ್ತೀರಿ’ ಎಂದುಕೊಳ್ಳಬಹುದು. ಅಷ್ಟು ಸುಲಭವಿಲ್ಲ. ಹಳೆಯದು ಎಂಬುದನ್ನೂ ಇದೇ ಕಣ್ಣಿನಿಂದ ನೋಡಬೇಕು.

ನಮ್ಮ ಮನೆಯಲ್ಲಿ ಹಂದಿಗೆ ಒಳಗಿನ ಒಲೆಯಿರಲಿಲ್ಲ. ಹಿತ್ತಿಲಿನ ಕೊಟ್ಟಿಗೆಯ ಪಕ್ಕ ಮೂರು ಕಲ್ಲು ಹೂಡಿ, ಬೇರೆಯೇ ಪಾತ್ರೆಯಲ್ಲಿ ಬೇಯಿಸಬೇಕು. ಆ ಪಾತ್ರೆ ಒಳಗೆ ಬರುವಂತಿಲ್ಲ. ಮಾಂಸ ಹಂಚಿ ತರುವುದು ಗಂಡಸರ ಗತ್ತಿನ ಕೆಲಸ. ತೊಗಲಿನ ಕೂದಲು ಹೆರೆಯುವುದು, ಮಳೆಯಲ್ಲಿ ಒದ್ದೆ ಸೌದೆ ಊದುವುದು, ಮೆಣಸು ಅರೆಯುವುದು, ಕೊನೆಗೆ ಜಿಡ್ಡಿನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುವುದು ಅವ್ವ, ಅತ್ತೆಯರ ಕೆಲಸ. ಊಟವಾದ ಮೇಲೆ ಜಗಲಿಯಲ್ಲಿ ನಡೆಯುತ್ತಿದ್ದ ಮಾತು ಹಂದಿಯ ತೂಕದ್ದು, ಹಂಚಿಕೆಯದು. ಒಲೆಯ ಮಾತು ಬರುತ್ತಿರಲಿಲ್ಲ. ಮರುದಿನ ಪೇಟೆಯಲ್ಲಿ ಯಾರಾದರೂ ‘ನಿನ್ನೆ ಏನಡಿಗೆ?’ ಎಂದು ಕೇಳಿದರೆ ನಮ್ಮ ಅವ್ವ ‘ಏನೋ ಸಾರು’ ಎನ್ನುತ್ತಿದ್ದಳು.

ಈ ‘ಏನೋ ಸಾರು’ ನನ್ನನ್ನು ಬಹಳ ಕಾಡಿದೆ. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1936ರಲ್ಲಿ ‘ಕಾನೂರು ಹೆಗ್ಗಡಿತಿ’ಯನ್ನೂ 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೂ ಕೊಟ್ಟರು. ಮಲೆನಾಡಿನ ಬೇಟೆ, ಕಡುಬು, ತುಂಡು ಅವುಗಳಲ್ಲಿ ಸಂಕೋಚವಿಲ್ಲದೆ ಬಂದಿವೆ. ದೊಡ್ಡ ಸಾಹಿತ್ಯಕ್ಕೆ ಇಲ್ಲದ ನಾಚಿಕೆ ನಮ್ಮ ಅಡಿಗೆಯ ಬರವಣಿಗೆಗೆ ಏಕೆ ಬಂತು? ಮಲೆನಾಡ ಅಡಿಗೆ ಎಂದು ನಾನು ಕಂಡ ಪುಸ್ತಕಗಳಲ್ಲಿ, ಮಹಿಳಾ ಪುಟಗಳಲ್ಲಿ ಕಳಲೆ ಇದೆ, ಹಲಸು ಇದೆ, ಅಪ್ಪೆಮಿಡಿ ಇದೆ. ಕೋಳಿಯವರೆಗೆ ಧೈರ್ಯ ಮಾಡಿದವರೂ ಇದ್ದಾರೆ. ಹಂದಿಯ ಪುಟ ಮಾತ್ರ ನನಗೆ ಸಿಗಲಿಲ್ಲ. ಎಲ್ಲೋ ದೂರದಲ್ಲಿ ಅಚ್ಚಾಗಿ, ಪೆಟ್ಟಿಗೆಯೊಳಗೆ ಮಡಿಸಿಟ್ಟು ಬಂದ ಆ ಪುಸ್ತಿಕೆ ಆ ಹೆಸರನ್ನು ದಪ್ಪಕ್ಷರದಲ್ಲಿ ಹೇಳಿತು. ಅದರ ನಾಲ್ಕು ಪದಗಳನ್ನು ನಾನು ಒಪ್ಪದಿದ್ದರೂ ಈ ಒಂದು ಧೈರ್ಯಕ್ಕೆ ಅದಕ್ಕೆ ನಮಸ್ಕಾರ.

ಹಳೆಯದು ಹಾಗೆಯೇ ಉಳಿದಿದೆ ಎನ್ನುವಂತೆಯೂ ಇಲ್ಲ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾಡುಹಂದಿಯ ಬೇಟೆ ಅಪರಾಧ. ಈಗ ಅಂಗಡಿಯಲ್ಲಿ ಸಿಗುವುದು ಫಾರಂನ ಬಿಳಿ ಹಂದಿ. ಅದರ ನೆಣವೇ ಬೇರೆ, ಬೇಯುವ ಹೊತ್ತೇ ಬೇರೆ. ಒಲೆಗೆ ಗ್ಯಾಸು ಬಂತು, ಅರೆಯುವ ಕಲ್ಲಿಗೆ ಮಿಕ್ಸಿ ಬಂತು, ಹಂಡೆಯ ಜಾಗಕ್ಕೆ ಕುಕ್ಕರು ಬಂತು. ಇಷ್ಟನ್ನು ನುಂಗಿಕೊಂಡ ನಾವು ಒಂದು ಫ್ಯಾನಿಗೆ ಮಾತ್ರ ಮೂಗು ಮುರಿದರೆ ನ್ಯಾಯವಲ್ಲ.

ನನ್ನ ತಂಗಿಯ ಮಗಳು ಇರುವುದು ಬಾಡಿಗೆ ಮನೆಯಲ್ಲಿ. ಮನೆ ಕೊಡುವ ಮೊದಲು ‘ಮನೆಯಲ್ಲಿ ಏನು ಬೇಯಿಸುತ್ತೀರಿ’ ಎಂದು ಕೇಳಿಸಿಕೊಂಡೇ ಬಂದವಳು. ಯಂತ್ರದ ಬಾಗಿಲು ಮುಚ್ಚಿದರೆ ಒಗ್ಗರಣೆಯ ಸದ್ದಿಲ್ಲ, ಕಿಟಕಿ ಹಾಕಿಕೊಂಡರೆ ವಾಸನೆಯೂ ಅಷ್ಟು ಹೋಗುವುದಿಲ್ಲ. ‘ಇದು ಅಡಿಗೆಯಲ್ಲ ಕಣೇ, ಬಚ್ಚಿಟ್ಟುಕೊಳ್ಳುವ ಉಪಾಯ’ ಎಂದೆ. ಅವಳು ತಲೆಯೆತ್ತದೆ ಹೇಳಿದಳು: ‘ದೊಡ್ಡಮ್ಮ, ಆಗ ನಿಮ್ಮನ್ನ ಹಿತ್ತಲಿಗೆ ಕಳಿಸಿದ್ರು, ಈಗ ನಾನು ಡಬ್ಬಿಯೊಳಗೆ ಇಟ್ಟಿದ್ದೀನಿ. ವ್ಯತ್ಯಾಸ ಏನು ಅಂದ್ರೆ, ಇಲ್ಲಿ ಮಳೆ ನೆನೆಯೋದಿಲ್ಲ.’

ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ. ಗರಿಗರಿಯೋ ಮೆತ್ತಗೋ ಎನ್ನುವ ಜಗಳದ ಅಡಿಯಲ್ಲಿ ಇರುವ ಪ್ರಶ್ನೆ ಇದು: ನಮ್ಮ ಮನೆಯ ಊಟದ ಹೆಸರನ್ನು ನಾವು ಬಾಯಿಬಿಟ್ಟು ಹೇಳಬಲ್ಲೆವೆ? ಹೇಳಲಾಗದವರಿಗೆ ಹಿತ್ತಿಲ ಒಲೆಯೂ ಅಷ್ಟೇ, ಹೊಳೆಯುವ ಡಬ್ಬಿಯೂ ಅಷ್ಟೇ. ಹೇಳಬಲ್ಲವರು ಎರಡನ್ನೂ ತಮಗೆ ಬೇಕಾದಂತೆ ದುಡಿಸಿಕೊಳ್ಳಬಹುದು.

ದುಡಿಸಿಕೊಳ್ಳುವ ಬಗೆಯನ್ನು ನಾವಿಬ್ಬರೂ ಸೇರಿ ಕಂಡುಕೊಂಡಿದ್ದೇವೆ. ಮೊದಲು ಎಂದಿನಂತೆ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ಅರಿಸಿನ, ಉಪ್ಪು ಹಾಕಿ ಕುಕ್ಕರಿನಲ್ಲಿ ತುಂಡುಗಳನ್ನು ಪೂರ್ತಿ ಬೇಯಿಸಿ. ಬೆಂದ ನೀರನ್ನು ಚೆಲ್ಲಬೇಡಿ. ತೊಗಲಿರುವ ನಾಲ್ಕಾರು ತುಂಡುಗಳನ್ನು ಮಾತ್ರ ಎತ್ತಿ ಒರೆಸಿ, ಆರಲು ಬಿಟ್ಟು, ಯಂತ್ರದಲ್ಲಿ 200 ಡಿಗ್ರಿಗೆ ಸುಮಾರು 10 ನಿಮಿಷ ಇಡಿ. ನೆಣ ತೊಟ್ಟಿಕ್ಕಿ ಹೊಗೆಯೇಳದಂತೆ ಕೆಳಗಿನ ತಟ್ಟೆಗೆ ಎರಡು ಚಮಚ ನೀರು ಹಾಕಿರಿ. ಅಷ್ಟರಲ್ಲಿ ಉಳಿದದ್ದಕ್ಕೆ ಹುರಿದು ಪುಡಿ ಮಾಡಿದ ಕಾಳುಮೆಣಸು, ಧನಿಯ, ಜೀರಿಗೆ ಹಾಕಿ ರಸ ದಪ್ಪವಾಗುವವರೆಗೆ ಕುದಿಸಿ, ಇಳಿಸುವಾಗ ಹುಳಿ ಬಿಡಿ. ಯಂತ್ರದಿಂದ ಬಂದ ತುಂಡುಗಳನ್ನು ಬಡಿಸುವ ಗಳಿಗೆಯಲ್ಲಿ ಮೇಲಿಡಿ. ತೊಗಲು ಪುಸ್ತಿಕೆಯಲ್ಲಿರುವಷ್ಟು ಅರಳುವುದಿಲ್ಲ, ಅಂಚು ಮಾತ್ರ ಕೆಂಪಗೆ ಬಿರುಸಾಗುತ್ತದೆ. ಸಾರಿನಲ್ಲಿ ಅರ್ಧ ನೆನೆದಾಗ ಅದಕ್ಕೆ ಬರುವ ರುಚಿಗೆ ಇನ್ನೂ ಕನ್ನಡದಲ್ಲಿ ಪದವಿಲ್ಲ. ಮರ ಬಿದ್ದು ಕರೆಂಟು ಹೋದ ಆಷಾಢದ ದಿನವಾದರೆ ಬಾಣಲೆಯಲ್ಲೇ ಹುರಿದುಕೊಳ್ಳಿ, ಊಟ ನಿಲ್ಲಬೇಕಾಗಿಲ್ಲ.

ಒಂದೇ ಕೋರಿಕೆ. ನಿಮ್ಮ ಮನೆಯ ಹುಳಿ ಯಾವುದು, ಮೆಣಸು ಎಷ್ಟು, ಎಷ್ಟು ಹೊತ್ತು ಬೇಯಬೇಕು ಎಂಬುದನ್ನು ನಿಮ್ಮ ಅಡಿಗೆಯ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೇಲೆ ‘ಏನೋ ಸಾರು’ ಎಂದು ಬರೆಯಬೇಡಿ. ‘ಹಂದಿ ಸಾರು’ ಎಂದೇ ಬರೆದು, ಕೆಳಗೆ ಅದನ್ನು ಕಲಿಸಿದ ಹೆಂಗಸಿನ ಹೆಸರು ಹಾಕಿ.