ಫೆಬ್ರವರಿಯ ಎದುರು ಜನವರಿಯ ಲೆಕ್ಕ

2006ರಲ್ಲಿ ಬಂದ ಪವರ್‌ಶೆಲ್‌ನಲ್ಲಿ ವೇರಿಯಬಲ್ ಅಳಿಸಲು ಎರಡು ಕಮಾಂಡ್‌ಗಳಿವೆ. ಕ್ಲಿಯರ್-ವೇರಿಯಬಲ್ ಒಳಗಿರುವುದನ್ನಷ್ಟೇ ತೆಗೆಯುತ್ತದೆ. ಮನೆ ಖಾಲಿ, ಗೇಟಿನ ಮೇಲೆ ಹೆಸರಿನ ಫಲಕ ಹಾಗೇ ಇರುತ್ತದೆ. ರಿಮೂವ್-ವೇರಿಯಬಲ್ ಫಲಕವನ್ನೂ ಕಿತ್ತು ಹಾಕುತ್ತದೆ. ಎರಡಕ್ಕೂ ಹೆಸರನ್ನು ಡಾಲರ್ ಚಿಹ್ನೆ ಬಿಟ್ಟು ಕೊಡಬೇಕು. ಚಿಹ್ನೆ ಸೇರಿಸಿದಿರೋ, ಒಳಗಿನ ಮೌಲ್ಯವನ್ನೇ ಹೆಸರೆಂದುಕೊಂಡು ಶೆಲ್ ಇನ್ಯಾವುದನ್ನೋ ಹುಡುಕಲು ಹೊರಡುತ್ತದೆ.

ಸ್ಕ್ರಿಪ್ಟಿನ ಕೊನೆಗೆ ಸಾಲುಸಾಲು ರಿಮೂವ್-ವೇರಿಯಬಲ್ ಬರೆದು ನಿಟ್ಟುಸಿರು ಬಿಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಬರೀ ಮಡಿ. ಸ್ಕ್ರಿಪ್ಟ್ ಸಾಮಾನ್ಯವಾಗಿ ತನ್ನದೇ ಸ್ಕೋಪಿನಲ್ಲಿ ಓಡುತ್ತದೆ, ಮುಗಿದೊಡನೆ ಅದರ ವೇರಿಯಬಲ್‌ಗಳೂ ಹೋಗುತ್ತವೆ. ಡಾಟ್ ಸೋರ್ಸ್ ಮಾಡಿದಾಗ, ಅಥವಾ ಐಎಸ್‌ಇ ಎಡಿಟರಿನಲ್ಲಿ ಎಫ್5 ಒತ್ತಿದಾಗ ಮಾತ್ರ ಅವು ಸೆಷನ್‌ನಲ್ಲಿ ಉಳಿದುಬಿಡುತ್ತವೆ.

ನಿಜವಾಗಿ ಅಳಿಸಬೇಕಾದ ಜಾಗ ಲೂಪಿನ ಮೊದಲ ಸಾಲು. ಜನವರಿ, ಫೆಬ್ರವರಿ, ಮಾರ್ಚ್ ಎಂಬ ಮೂರು ಫೈಲುಗಳನ್ನು ಫಾರ್‌ಈಚ್‌ನಲ್ಲಿ ಒಂದೊಂದಾಗಿ ತೆಗೆದು ಗಾತ್ರ ಬರೆಯುತ್ತಿದ್ದೀರಿ ಎನ್ನಿ. ಗೆಟ್-ಐಟಂ ತಂದದ್ದು ‘ಕಡತ’ ಎಂಬ ವೇರಿಯಬಲ್‌ಗೆ ಸೇರುತ್ತದೆ. ಫೆಬ್ರವರಿ ಫೈಲೇ ಇಲ್ಲ. ಟ್ರೈ ಒಳಗೆ ಎರರ್‌ಆಕ್ಷನ್ ಸ್ಟಾಪ್ ಹಾಕಿದ್ದೀರಿ, ಕ್ಯಾಚ್ ಖಾಲಿ, ಗಾತ್ರ ಬರೆಯುವ ಸಾಲು ಅದರ ನಂತರ. ಎರರ್ ಬಂದದ್ದೇ ಆ ಸಾಲು ಅರ್ಧಕ್ಕೆ ನಿಲ್ಲುತ್ತದೆ, ಅಸೈನ್‌ಮೆಂಟ್ ನಡೆಯುವುದೇ ಇಲ್ಲ. ‘ಕಡತ’ದಲ್ಲಿ ಇನ್ನೂ ಜನವರಿಯೇ ಕೂತಿದೆ. ಫೆಬ್ರವರಿಯ ಎದುರು ಜನವರಿಯ ಗಾತ್ರ ಬೀಳುತ್ತದೆ, ಒಂದು ಕೆಂಪಕ್ಷರವೂ ಕಾಣದೆ.

ಸ್ಟಾಪ್ ಇಲ್ಲದಿದ್ದರೆ? ಕೆಂಪಕ್ಷರ ಬರುತ್ತದೆ, ಅಸೈನ್‌ಮೆಂಟೂ ನಡೆದು ವೇರಿಯಬಲ್ ನಲ್ ಆಗುತ್ತದೆ. ಅಂದರೆ ಉಡಾಫೆಯಿಂದ ಬರೆದವನು ಪಾರು, ಎಚ್ಚರ ವಹಿಸಿದವನಿಗೆ ಪೆಟ್ಟು! ಈ ಭಾಷೆಯನ್ನು ಎಷ್ಟು ಮೆಚ್ಚಿದರೂ ಈ ತಕರಾರು ನನ್ನನ್ನು ಬಿಟ್ಟಿಲ್ಲ.

ಲೂಪ್ ಶುರುವಾದ ತಕ್ಷಣ ‘ಕಡತ’ಕ್ಕೆ ನಲ್ ಕೊಟ್ಟುಬಿಡಿ. ಅಲ್ಲಿ ಕ್ಲಿಯರ್-ವೇರಿಯಬಲ್ ಬೇಡ. ಮೊದಲ ಸುತ್ತಿನಲ್ಲಿ ವೇರಿಯಬಲ್ ಇನ್ನೂ ಹುಟ್ಟಿರುವುದಿಲ್ಲ, ಅದು ಸಿಗಲಿಲ್ಲವೆಂದು ಕಮಾಂಡೇ ಎರರ್ ಕೊಡುತ್ತದೆ. ಕ್ಯಾಚ್‌ನಲ್ಲಿ ಫೈಲಿನ ಹೆಸರು ದಾಖಲಿಸಿ ಕಂಟಿನ್ಯೂ ಬರೆದರೆ ಇನ್ನೂ ಚೆಂದ. ಸೆಟ್-ಸ್ಟ್ರಿಕ್ಟ್‌ಮೋಡ್ ಹಾಕಿದ್ದೇನಲ್ಲ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು: ಅದು ಹುಟ್ಟೇ ಇಲ್ಲದ ವೇರಿಯಬಲ್ ಬಳಸಿದರೆ ಹಿಡಿಯುತ್ತದೆ, ಹಳೆಯ ಮೌಲ್ಯ ಹೊತ್ತು ಕೂತದ್ದರ ಬಗ್ಗೆ ಚಕಾರ ಎತ್ತುವುದಿಲ್ಲ.