ಗಾಲ್ ಫೇಸ್‌ನ ಕಡಲ ಬದಿಯ ಊಟ

ಕೊಲಂಬೊದ ಗಾಲ್ ಫೇಸ್ ಹೋಟೆಲ್ ಶುರುವಾದದ್ದು 1864ರಲ್ಲಿ. ಇದಕ್ಕಿಂತ ಥಳಕಿನ ಹೋಟೆಲುಗಳು ಈಗ ಸುತ್ತಲೂ ಎದ್ದಿವೆ. ಆದರೆ ಸಮುದ್ರವನ್ನು ಇಷ್ಟು ಹತ್ತಿರ ಕೂರಿಸಿಕೊಂಡು ಉಣಬಡಿಸುವುದು ಇದಕ್ಕೇ ಗೊತ್ತು. ಕಪ್ಪು-ಬಿಳಿ ಚೌಕುಳಿ ನೆಲದ ತೆರೆದ ಅಂಗಳದಲ್ಲಿ ಕೂತರೆ ಮಾತಿಗಿಂತ ಅಲೆಯ ಸದ್ದೇ ಜಾಸ್ತಿ. ತಟ್ಟೆಯಲ್ಲಿ ಅಪ್ಪ: ಅಂಚು ಗರಿಗರಿ, ನಡು ಮೆತ್ತಗೆ, ಅದರೊಳಗೊಂದು ಮೊಟ್ಟೆ; ಪಕ್ಕದಲ್ಲಿ ಕಾಯಿತುರಿ, ಒಣಮೆಣಸು, ನಿಂಬೆರಸ ಬೆರೆಸಿದ ಪೋಲ್ ಸಂಬೋಲ. ನಮ್ಮ ಕರಾವಳಿಯವರ ನಾಲಿಗೆಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. (ಕಾಗೆಗಳ ಮೇಲೆ ಮಾತ್ರ ಒಂದು ಕಣ್ಣಿರಲಿ.)

ಕೇರಳದಿಂದ ಹೋದ ಕುಟ್ಟನ್ 1942ರಲ್ಲಿ ಇಲ್ಲಿ ಕೆಲಸಕ್ಕೆ ಸೇರಿ, 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರೇ ಆಗಿದ್ದರು. ಬಾಗಿಲಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ ಅವರ ಬಿಳಿ ಮೀಸೆಯೇ ಹೋಟೆಲಿನ ಗುರುತಾಗಿತ್ತು. ಅಂಥ ಉಪಚಾರವನ್ನು ಅಮೃತಶಿಲೆ ಹಾಸಿ ತರಲಾಗದು.

ಕೋಣೆ ದುಬಾರಿ ಎನಿಸಿದರೆ ಸಂಜೆಯ ಚಹಾಕ್ಕಾದರೂ ಹೋಗಿ. ಸೂರ್ಯ ಇಳಿಯುವ ಮೊದಲೇ ಜಾಗ ಹಿಡಿಯಿರಿ.